ಗುರುತು ಬೇರೆ, ಗುಟ್ಟು ಬೇರೆ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆಧಾರ್ ಝೆರಾಕ್ಸ್, ಹೆಬ್ಬೆಟ್ಟಿನ ಗುರುತು, ಪಾಸ್‌ವರ್ಡ್ ಇವುಗಳ ಸುತ್ತಲೇ ಇವೆ. ಇನ್ನಿಬ್ಬರು ವಿದ್ಯಾರ್ಥಿಗಳು ಕಂಪ್ಯೂಟರು, ಜಾಲತಾಣಗಳ ಬೀಗ ತೆರೆಯುವ ವಿದ್ಯೆಯನ್ನು ಹವ್ಯಾಸವಾಗಿ ಕಲಿಯುತ್ತಿರುವವರು. ಕಳೆದುಕೊಂಡವರ ಪ್ರಶ್ನೆಯನ್ನೂ ಕಲಿಯುವವರ ಪ್ರಶ್ನೆಯನ್ನೂ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಏಕೆಂದರೆ ಹೆಸರು, ಸಂಖ್ಯೆ, ಬೆರಳು ಇವು ಗುರುತುಗಳೇ ಹೊರತು ಗುಟ್ಟುಗಳಲ್ಲ ಎಂಬ ಒಂದೇ ಸಂಗತಿ ಎಲ್ಲ ಉತ್ತರಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಯಾತ್ರೆಗೆ ಹೋದಾಗ ಉಳಿದುಕೊಂಡ ವಸತಿಗೃಹಗಳಲ್ಲಿ, ಸಿಮ್ ಅಂಗಡಿಯಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ, ಹೀಗೆ ಎಷ್ಟು ಕಡೆ ಆಧಾರ್ ಪ್ರತಿಯನ್ನು ಕೊಟ್ಟಿದ್ದೇನೆಂದು ನನಗೇ ನೆನಪಿಲ್ಲ. ಕೊಡಬೇಡಿ ಎಂದು ಒಮ್ಮೆ ಸರಕಾರವೇ ಹೇಳಿ, ಆಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಿತೆಂದು ಮಗ ಹೇಳುತ್ತಾನೆ. ನಾನು ಯಾವುದನ್ನು ನಂಬಲಿ?
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು, ಆಧಾರ್ ಪ್ರತಿ ದುರುಪಯೋಗವಾಗುವ ಸಾಧ್ಯತೆ ಇರುವುದರಿಂದ ಅದನ್ನು ಯಾವ ಸಂಸ್ಥೆಗೂ ಕೊಡಬಾರದು, ಕೊಡಲೇಬೇಕಾದರೆ ಸಂಖ್ಯೆ ಮರೆಮಾಡಿದ ಪ್ರತಿಯನ್ನು ಕೊಡಬೇಕು ಎಂದು ಪ್ರಕಟಣೆ ಹೊರಡಿಸಿತು. ಎರಡು ದಿನ ಕಳೆದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯವು, ಜನ ಇದನ್ನು ತಪ್ಪಾಗಿ ಅರ್ಥಮಾಡಿಕೊಳ್ಳಬಹುದೆಂದು ಹೇಳಿ ಅದನ್ನು ಹಿಂತೆಗೆದುಕೊಂಡು, ಸಾಮಾನ್ಯ ವಿವೇಕದಿಂದ ವರ್ತಿಸಿದರೆ ಸಾಕು ಎಂದಿತು. ಆ ವಿವೇಕ ಎಂದರೇನು ಎಂದು ಬಿಡಿಸಿ ಹೇಳಿದ್ದರೆ ನೀವು ಈ ಪತ್ರ ಬರೆಯಬೇಕಾಗಿರಲಿಲ್ಲ.

ಆಧಾರ್ ಸಂಖ್ಯೆಯಲ್ಲಿ ಹನ್ನೆರಡು ಅಂಕಿಗಳಿವೆ, ಅವುಗಳಲ್ಲಿ ಕೊನೆಯದು ತಪಾಸಣೆಯ ಅಂಕಿ. ಡಚ್ ಗಣಿತಜ್ಞ ವರ್ಹೂಫ್ ರೂಪಿಸಿದ ಲೆಕ್ಕದಂತೆ ಅದು ಮೊದಲ ಹನ್ನೊಂದು ಅಂಕಿಗಳಿಂದ ಹುಟ್ಟುತ್ತದೆ. ಬರೆಯುವಾಗ ಒಂದು ಅಂಕಿ ತಪ್ಪಿದರೂ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಕಂಪ್ಯೂಟರು ಕೂಡಲೇ ಅದನ್ನು ಗುರುತಿಸುತ್ತದೆ. ಹತ್ತು ಕಚೇರಿಗಳಲ್ಲಿ ಹತ್ತು ಜನ ಬರೆದುಕೊಳ್ಳಲಿರುವ ಸಂಖ್ಯೆಗೆ ಮಾತ್ರ ಇಂಥ ಏರ್ಪಾಡು ಬೇಕಾಗುತ್ತದೆ. ಆದ್ದರಿಂದ ಈ ಸಂಖ್ಯೆ ನಿಮ್ಮ ಹೆಸರಿನ ಹಾಗೆ ಒಂದು ಗುರುತು, ಅದು ಇನ್ನೊಬ್ಬರಿಗೆ ತಿಳಿದ ಮಾತ್ರಕ್ಕೆ ನಿಮ್ಮ ಖಾತೆ ಖಾಲಿಯಾಗುವುದಿಲ್ಲ.

ಹಾಗೆಂದು ಅದನ್ನು ಊರಿಗೆಲ್ಲ ಸಾರಬಹುದು ಎಂದೂ ಅರ್ಥವಲ್ಲ. 2018ರ ಜುಲೈಯಲ್ಲಿ, ಆಧಾರ್ ಪ್ರಾಧಿಕಾರದ ಮೊದಲ ಮಹಾನಿರ್ದೇಶಕರೂ ಆಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಅಧ್ಯಕ್ಷರೂ ಆಗಿದ್ದ ಆರ್.ಎಸ್. ಶರ್ಮಾ ಅವರು ತಮ್ಮ ಆಧಾರ್ ಸಂಖ್ಯೆಯನ್ನು ಟ್ವಿಟರಿನಲ್ಲಿ ಹಾಕಿ, ಇದರಿಂದ ನನಗೆ ಏನು ಹಾನಿ ಮಾಡುತ್ತೀರೋ ಮಾಡಿ ತೋರಿಸಿ ಎಂದು ಸವಾಲು ಹಾಕಿದರು. ಹವ್ಯಾಸಿ ಹ್ಯಾಕರುಗಳು ಕೆಲವೇ ಗಂಟೆಗಳಲ್ಲಿ ಅವರ ಮೊಬೈಲ್ ಸಂಖ್ಯೆ, ಜನ್ಮದಿನಾಂಕ, ಪ್ಯಾನ್ ಮೊದಲಾದವನ್ನು ಒಂದೊಂದಾಗಿ ಮುಂದಿಟ್ಟರು, ಒಬ್ಬರಂತೂ ಅವರ ಖಾತೆಗೆ ಒಂದು ರೂಪಾಯಿ ಜಮಾ ಮಾಡಿದರು. ಇವೆಲ್ಲ ಅಂತರಜಾಲದಲ್ಲಿ ಮೊದಲೇ ಇದ್ದ ಮಾಹಿತಿಗಳು, ಆಧಾರ್ ಭಂಡಾರವನ್ನು ಯಾರೂ ಒಡೆದಿಲ್ಲ ಎಂದು ಪ್ರಾಧಿಕಾರ ಹೇಳಿತು. ಆದರೆ ಹೀಗೆ ಸಂಖ್ಯೆಯನ್ನು ಬಹಿರಂಗಪಡಿಸಬೇಡಿ ಎಂದು ಜನರಿಗೆ ತಿಳಿವಳಿಕೆ ಹೇಳಿದ್ದೂ ಅದೇ ಪ್ರಾಧಿಕಾರ. ಒಂದು ಎಳೆ ಕೈಗೆ ಸಿಕ್ಕಿದರೆ ಉಳಿದ ಎಳೆಗಳು ತಾವಾಗಿ ಹಿಂದೆ ಬರುತ್ತವೆ ಎಂಬುದನ್ನು ಆ ಪ್ರಸಂಗ ತೋರಿಸಿಕೊಟ್ಟಿತು.

ಇನ್ನು ನೀವು ಮಾಡಬಹುದಾದದ್ದು. ಪ್ರಾಧಿಕಾರದ ಜಾಲತಾಣದಿಂದ ಇ-ಆಧಾರ್ ಇಳಿಸಿಕೊಳ್ಳುವಾಗ ಸಂಖ್ಯೆ ಮರೆಮಾಡಿದ ಪ್ರತಿಯನ್ನು ಆರಿಸಿಕೊಳ್ಳಿ. ಅದರಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುತ್ತವೆ, ವಸತಿಗೃಹದ ದಾಖಲೆಗೆ ಅಷ್ಟು ಸಾಕು. ಕಾಗದದ ಪ್ರತಿಯನ್ನೇ ಕೊಡುವುದಾದರೆ ‘ಇಂಥ ವಸತಿಗೃಹದ ನೋಂದಣಿಗೆ ಮಾತ್ರ’ ಎಂದು ದಿನಾಂಕ ಸಹಿತ ಬರೆಯಿರಿ. ಅಂಚಿನಲ್ಲಿ ಬರೆದದ್ದನ್ನು ಕತ್ತರಿಸಿ ತೆಗೆಯುವುದು ಸುಲಭವಾದ್ದರಿಂದ, ಬರವಣಿಗೆ ಭಾವಚಿತ್ರದ ಮೇಲೂ ಅಕ್ಷರಗಳ ಮೇಲೂ ಹಾಯ್ದು ಹೋಗುವಂತಿರಲಿ. ಪಳಗಿದ ವಂಚಕನನ್ನು ಇದು ತಡೆಯದಿದ್ದರೂ, ಪ್ರತಿ ಎಲ್ಲಿಂದ ಸೋರಿತೆಂಬ ಸುಳಿವನ್ನಾದರೂ ಕೊಡುತ್ತದೆ.

ವಸತಿಗೃಹಕ್ಕಿಂತ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಝೆರಾಕ್ಸ್ ಅಂಗಡಿಯ ಕಂಪ್ಯೂಟರು. ಒಮ್ಮೆ ಒಂದು ಅರ್ಜಿಯನ್ನು ಮುದ್ರಿಸಿಕೊಳ್ಳಲು ಹೋಗಿದ್ದಾಗ, ಅಂಗಡಿಯ ಹುಡುಗ ನನ್ನ ಕಡತವನ್ನು ಹುಡುಕುತ್ತ ಡೌನ್‌ಲೋಡ್ಸ್ ಫೋಲ್ಡರನ್ನು ಮೇಲಿಂದ ಕೆಳಕ್ಕೆ ಜಾರಿಸಿದ. ಊರಿನವರ ಇ-ಆಧಾರ್, ಪ್ಯಾನ್, ಅಂಕಪಟ್ಟಿಗಳು ಸಾಲಾಗಿ ಅಲ್ಲಿ ನಿಂತಿದ್ದವು. ಇ-ಆಧಾರಿಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಆದರೆ ಅದು ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ, ಅಂದರೆ ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯ ಮುಚ್ಚಳಕ್ಕೇ ಅಂಟಿಸಿಟ್ಟ ಹಾಗೆ. ಮುದ್ರಣವಾದ ಮೇಲೆ ಕಡತವನ್ನು ನಿಮ್ಮ ಕಣ್ಣೆದುರಿಗೇ ಅಳಿಸಲು ಹೇಳುವುದರಲ್ಲಿ ಸಂಕೋಚ ಬೇಡ.

ಆಧಾರ್ ಇಲ್ಲದಿದ್ದರೆ ಕೋಣೆ ಇಲ್ಲ ಎನ್ನುವವರ ಮುಂದೆ ಮತದಾರರ ಚೀಟಿಯನ್ನೋ ಚಾಲನಾ ಪರವಾನಗಿಯನ್ನೋ ಇಡಬಹುದು. ಹೀಗೆ ಕೇಳುವ ಬಲ ನಮಗೆ ಬಂದದ್ದರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪಾಲಿದೆ. ಅವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಬ್ಯಾಂಕ್ ಖಾತೆಗೂ ಮೊಬೈಲ್ ಸಂಪರ್ಕಕ್ಕೂ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂಬ ತೀರ್ಪು ಮರುವರ್ಷದ ಸೆಪ್ಟೆಂಬರಿನಲ್ಲಿ ಬಂತು.

ಪ್ರಶ್ನೆ: ಜಮೀನಿನ ಕ್ರಯಪತ್ರ ನೋಂದಣಿಯಾದ ಕೆಲವು ವಾರಗಳಲ್ಲಿ ನಮ್ಮ ತಂದೆಯವರ ಉಳಿತಾಯ ಖಾತೆಯಿಂದ ಎರಡು ಸಲ ಹತ್ತತ್ತು ಸಾವಿರ ರೂಪಾಯಿ ಹೋಗಿದೆ. ಅವರ ಬಳಿ ಎಟಿಎಂ ಕಾರ್ಡ್ ಇಲ್ಲ, ಯಾರಿಗೂ ಒಟಿಪಿ ಹೇಳಿಲ್ಲ. ಪಾಸ್‌ಬುಕ್ ಬರೆಸಿದಾಗಲೇ ನಮಗೆ ಗೊತ್ತಾದದ್ದು. ಇದು ಹೇಗೆ ಸಾಧ್ಯ?
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಹತ್ತು ಸಾವಿರ ಎಂಬ ಮೊತ್ತವೇ ದಾರಿಯನ್ನು ತೋರಿಸುತ್ತಿದೆ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಇಟ್ಟು ಹಣ ಪಡೆಯುವ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಒಂದು ವ್ಯವಹಾರಕ್ಕೆ ಇರುವ ಮಿತಿ ಅಷ್ಟೇ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಿನ ಗುರುತು, ಈ ಮೂರಿದ್ದರೆ ಹಣ ಕೈಗೆ ಬರುತ್ತದೆ. ಪಿನ್ ನೆನಪಿಟ್ಟುಕೊಳ್ಳಲಾಗದ, ಪೇಟೆಯ ಬ್ಯಾಂಕಿನವರೆಗೆ ನಡೆಯಲಾರದ ಅಜ್ಜ ಅಜ್ಜಿಯರಿಗೆ ಪಿಂಚಣಿ ಮುಟ್ಟಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಇಲ್ಲಿ ಗುರುತನ್ನೇ ಗುಟ್ಟಿನ ಸ್ಥಾನದಲ್ಲಿ ಕೂರಿಸಲಾಗಿದೆ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಸೋರಿದ ಬೆರಳನ್ನು ಬದಲಿಸುವುದು ಹೇಗೆ?

ಬೆರಳು ಸೋರುವುದಾದರೂ ಎಲ್ಲಿಂದ ಎಂದು ಕೇಳುತ್ತೀರಿ. ಕ್ರಯಪತ್ರದಲ್ಲಿ ಪಕ್ಷಗಾರರ ಭಾವಚಿತ್ರ, ಹೆಬ್ಬೆಟ್ಟು, ವಿಳಾಸ ಎಲ್ಲವೂ ಒಂದೇ ಕಡೆ ಇರುತ್ತವೆ, ಎಷ್ಟೋ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇರುತ್ತದೆ. ಆ ಪತ್ರದ ನಕಲು ಇನ್ನೊಬ್ಬರಿಗೆ ಸಿಗುವಂತಿದ್ದರೆ ಬ್ಯಾಂಕಿನ ಹೆಸರನ್ನು ಊಹಿಸುವುದಷ್ಟೇ ಉಳಿದ ಕೆಲಸ. 2018ರಲ್ಲಿ ತೆಲಂಗಾಣದಲ್ಲಿ, ಜಮೀನು ದಾಖಲೆಗಳಲ್ಲಿನ ಬೆರಳಚ್ಚುಗಳಿಂದ ರಬ್ಬರ್ ಮುದ್ರೆಯಂಥ ನಕಲುಗಳನ್ನು ಮಾಡಿ ಸಿಮ್ ಕಾರ್ಡುಗಳನ್ನು ಚಾಲನೆಗೊಳಿಸಿದ್ದು ಬೆಳಕಿಗೆ ಬಂದಿತ್ತು. 2023ರಲ್ಲಿ ನಮ್ಮ ರಾಜ್ಯದಲ್ಲಿಯೂ ಆಸ್ತಿ ನೋಂದಣಿಯ ಬೆನ್ನಿಗೇ ಹಣ ಕಳೆದುಕೊಂಡವರ ದೂರುಗಳು ಸಾಲುಗಟ್ಟಿದವು. ಆಮೇಲೆ ದಾಖಲೆಗಳ ನಕಲಿನಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮಕ್ಕೆ ಸರಕಾರ ಮುಂದಾಯಿತು. ಬೆರಳು ಜೀವಂತವಾದದ್ದೋ ನಕಲಿಯೋ ಎಂದು ಪರೀಕ್ಷಿಸುವ ತಂತ್ರವನ್ನು ಆಧಾರ್ ಪ್ರಾಧಿಕಾರವೂ ಅದೇ ವರ್ಷ ಜಾರಿಗೆ ತಂದಿತು.

ಇಂದೇ ಮಾಡಬೇಕಾದದ್ದು ಹೀಗಿದೆ. 1930ಕ್ಕೆ ಕರೆಮಾಡಿ ದೂರು ದಾಖಲಿಸಿ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ದೂರು ಕೊಡಿ. ಬ್ಯಾಂಕಿಗೆ ಬರಹದಲ್ಲಿ ದೂರು ಸಲ್ಲಿಸಿ, ಇನ್ನೊಂದು ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದ ನಡೆದ ವಂಚನೆಯನ್ನು ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟದ ಹೊಣೆ ಇರುವುದಿಲ್ಲ. ಗ್ರಾಹಕರದೇ ತಪ್ಪು ಎಂದು ಸಾಧಿಸುವ ಭಾರವೂ ಬ್ಯಾಂಕಿನ ಮೇಲಿದೆ. ಎಸ್‌ಎಂಎಸ್ ಬಂದಿರಲಿಲ್ಲ, ಪಾಸ್‌ಬುಕ್ ಬರೆಸಿದ ದಿನವೇ ತಿಳಿಯಿತು ಎಂಬ ಮಾತನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಕೌಂಟರಿನಲ್ಲಿ ಕುಳಿತವರು ‘ನೀವೇ ಬೆರಳು ಕೊಟ್ಟಿರಬೇಕು’ ಎಂದರೆ ಆ ಮಾತನ್ನೂ ಬರೆದುಕೊಡಿ ಎನ್ನಿ.

ಅನಂತರ ಎಂ-ಆಧಾರ್ ಆ್ಯಪಿನಲ್ಲಿ ತಂದೆಯವರ ಬಯೊಮೆಟ್ರಿಕ್ ಲಾಕ್ ಮಾಡಿಸಿ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಲಾಕ್ ಆದ ಮೇಲೆ ನ್ಯಾಯಬೆಲೆ ಅಂಗಡಿಯ ಯಂತ್ರವೂ ಅವರ ಬೆರಳನ್ನು ಒಪ್ಪುವುದಿಲ್ಲ. ಪಡಿತರ ತರುವ ದಿನ ಮನೆಯಲ್ಲಿಯೇ ತಾತ್ಕಾಲಿಕವಾಗಿ ತೆರೆದುಕೊಟ್ಟು ಕಳುಹಿಸಬೇಕು, ಅಥವಾ ಮನೆಯ ಬೇರೊಬ್ಬ ಸದಸ್ಯರು ಹೋಗಬೇಕು. ಇದನ್ನು ಹೇಳದೆ ಲಾಕ್ ಮಾಡಿಸಿ ಹೋದ ಮಕ್ಕಳಿಂದಾಗಿ ವೃದ್ಧರು ಅಕ್ಕಿಯಿಲ್ಲದೆ ಹಿಂದಿರುಗಿದ್ದನ್ನು ನಾನು ಬಲ್ಲೆ.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವಾಗ ಮೊಬೈಲ್ ಸಂಖ್ಯೆ ಕೊಡಲೇಬೇಕೆ?
— ಗೃಹಿಣಿ, ದಾವಣಗೆರೆ

ಉತ್ತರ: ಬೇಕಿಲ್ಲ. ಸಂಖ್ಯೆಗಾಗಿ ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿಯೇ ಅಂಗಡಿಗಳಿಗೆ ಸೂಚಿಸಿದೆ. ಕಾಗದದ ಬಿಲ್ ಸಾಕು ಎನ್ನಿ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೆ ಗೊಣಗಲಿ.

ಪ್ರಶ್ನೆ: ನಾನು ಪಾಸ್‌ವರ್ಡುಗಳನ್ನೆಲ್ಲ ಒಂದು ಡೈರಿಯಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ಅದು ದಡ್ಡತನವೆಂದು ಮೊಮ್ಮಗಳು ನಗುತ್ತಾಳೆ. ನೆನಪಿನಲ್ಲಿ ಉಳಿಯುವ, ಆದರೆ ಇತರರು ಊಹಿಸಲಾಗದ ಪಾಸ್‌ವರ್ಡ್ ಮಾಡುವುದು ಹೇಗೆ?
— ನಿವೃತ್ತ ಬ್ಯಾಂಕ್ ನೌಕರರು, ಮಂಗಳೂರು

ಉತ್ತರ: ಮೊಮ್ಮಗಳಿಗೆ ನನ್ನ ಪರವಾಗಿ ಹೇಳಿ, ಬೀರುವಿನಲ್ಲಿರುವ ಡೈರಿಯನ್ನು ದೂರದೇಶದ ಕಳ್ಳ ಓದಲಾರ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡು ಡೈರಿ ಇಡದವರಿಗಿಂತ, ಬೇರೆ ಬೇರೆ ಇಟ್ಟು ಬರೆದುಕೊಂಡ ನೀವು ಎಷ್ಟೋ ಕ್ಷೇಮ. ಯುಪಿಐ ಮತ್ತು ಎಟಿಎಂ ಪಿನ್‌ಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ.

ಊಹೆಗೆ ಸಿಗದ ಪಾಸ್‌ವರ್ಡಿಗೆ 1995ರಲ್ಲಿ ಅಮೆರಿಕದ ಆರ್ನಾಲ್ಡ್ ರೈನ್‌ಹೋಲ್ಡ್ ಒಂದು ಚೆಂದದ ಉಪಾಯ ಹೇಳಿದರು. ಸಾಮಾನ್ಯ ಆಟದ ದಾಳವನ್ನು ಐದು ಸಲ ಉರುಳಿಸಿದರೆ ಐದಂಕಿಯ ಒಂದು ಸಂಖ್ಯೆ ಸಿಗುತ್ತದೆ. ಹೀಗೆ ಸಿಗಬಹುದಾದ ಸಂಖ್ಯೆಗಳು ಒಟ್ಟು 7,776, ಪ್ರತಿಯೊಂದಕ್ಕೂ ಪಟ್ಟಿಯಲ್ಲಿ ಒಂದು ಪದವಿದೆ. ಐದು ಪದಗಳನ್ನು ಹೀಗೆ ಆರಿಸಿ ಜೋಡಿಸಿದರೆ, ಪಟ್ಟಿ ಕೈಯಲ್ಲಿದ್ದವನಿಗೂ ಊಹಿಸಬೇಕಾದ ಸಾಧ್ಯತೆಗಳು ಐದು 7,776ಗಳನ್ನು ಒಂದಕ್ಕೊಂದು ಗುಣಿಸಿದಷ್ಟು. ಕನ್ನಡ ಪದಗಳು ಬೇಕೆಂದರೆ ದಪ್ಪ ನಿಘಂಟೊಂದನ್ನು ತೆಗೆದುಕೊಂಡು ಪುಟವನ್ನೂ ಸಾಲನ್ನೂ ದಾಳಕ್ಕೇ ಬಿಡಿ. ‘ಕುಂಬಳ ಒರಳು ತಕರಾರು ಹಿಮ್ಮಡಿ ಗೊಬ್ಬರ’ ಎಂದು ಬಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನೇ ಟೈಪಿಸಬಹುದು, ಒರಳಿನ ಮೇಲೆ ಕುಳಿತು ತಕರಾರು ಮಾಡುವ ಕುಂಬಳವನ್ನು ಒಮ್ಮೆ ಕಲ್ಪಿಸಿಕೊಂಡರೆ ಮರೆಯುವುದು ಕಷ್ಟ. (ಇಲ್ಲಿ ಅಚ್ಚಾದ ಮೇಲೆ ಈ ಐದು ಪದಗಳನ್ನು ಯಾರೂ ಬಳಸಬಾರದು.) ಗಾದೆ, ವಚನದ ಸಾಲು, ಚಿತ್ರಗೀತೆಯ ಪಲ್ಲವಿ ಬೇಡ. ನಿಮಗೆ ಬಾಯಿಪಾಠ ಬರುವುದು ಇನ್ನೊಬ್ಬರಿಗೂ ಬರುತ್ತದೆ.

ಹಳೆಯ ಪಾಸ್‌ವರ್ಡುಗಳು ಸೋರಿಹೋಗಿವೆಯೇ ಎಂದು ನೋಡಲು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೌನ್ಡ್’ ಜಾಲತಾಣವಿದೆ. ಪಾಸ್‌ವರ್ಡನ್ನು ಅವರಿಗೇ ಹೇಳಿದಂತಾಯಿತಲ್ಲ ಎಂಬ ಸಂಶಯ ಬರುವುದು ಸಹಜ. ಆದರೆ ನಿಮ್ಮ ಕಂಪ್ಯೂಟರು ಪಾಸ್‌ವರ್ಡನ್ನು ಮೊದಲು ನಲವತ್ತು ಅಕ್ಷರಗಳ ಒಂದು ಸಂಕೇತವಾಗಿ ಅರೆದು, ಅದರ ಮೊದಲ ಐದು ಅಕ್ಷರಗಳನ್ನು ಮಾತ್ರ ಅಲ್ಲಿಗೆ ಕಳುಹಿಸುತ್ತದೆ. ಆ ಐದರಿಂದ ಆರಂಭವಾಗುವ ನೂರಾರು ಸಂಕೇತಗಳ ಪಟ್ಟಿ ಹಿಂದಿರುಗಿ ಬರುತ್ತದೆ, ನಿಮ್ಮದು ಅದರಲ್ಲಿದೆಯೇ ಎಂಬ ಹೋಲಿಕೆ ನಿಮ್ಮ ಮನೆಯಲ್ಲಿಯೇ ನಡೆಯುತ್ತದೆ. ಬೀದಿಯ ಹೆಸರನ್ನಷ್ಟೇ ಹೇಳಿ ಬೀದಿಯ ಎಲ್ಲ ಮನೆಗಳ ಪಟ್ಟಿಯನ್ನು ತರಿಸಿಕೊಂಡರೆ, ನೀವು ಹುಡುಕುತ್ತಿದ್ದ ಮನೆ ಯಾವುದೆಂದು ಪಟ್ಟಿ ಕೊಟ್ಟವರಿಗೆ ತಿಳಿಯುವುದಿಲ್ಲವಷ್ಟೆ.

ಪ್ರಶ್ನೆ: ನಾನು ಎರಡನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ವೈಫೈ ಅಡಾಪ್ಟರ್ ಕೊಂಡು ಭದ್ರತೆಯನ್ನು ಪರೀಕ್ಷಿಸುವ ಸಲಕರಣೆಗಳಿರುವ ಕಾಲಿ ಲಿನಕ್ಸ್ ಎಂಬ ತಂತ್ರಾಂಶವನ್ನು ಕಲಿಯುತ್ತಿದ್ದೇನೆ. ಕುತೂಹಲಕ್ಕೆಂದು ಪಕ್ಕದ ಮನೆಯ ವೈಫೈ ಪಾಸ್‌ವರ್ಡನ್ನು ಪತ್ತೆಮಾಡಿದೆ. ಏನನ್ನೂ ಕದ್ದಿಲ್ಲ, ಹಾಳುಮಾಡಿಲ್ಲ. ಇದು ಅಪರಾಧವೇ? ಈ ಹವ್ಯಾಸವನ್ನು ಮುಂದುವರಿಸುವುದು ಹೇಗೆ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 43ನೆಯ ಕಲಮು, ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರನ್ನೋ ಜಾಲವನ್ನೋ ಪ್ರವೇಶಿಸುವುದನ್ನೇ ತಪ್ಪೆಂದು ಎಣಿಸಿ ಪರಿಹಾರ ಕೊಡಿಸುತ್ತದೆ, ಅಲ್ಲಿ ಕೆಟ್ಟ ಉದ್ದೇಶವಿತ್ತೇ ಎಂಬ ಪ್ರಶ್ನೆ ಏಳುವುದಿಲ್ಲ. ಅದೇ ಕೆಲಸವನ್ನು ಅಪ್ರಾಮಾಣಿಕತೆಯಿಂದಲೋ ವಂಚಿಸುವ ಉದ್ದೇಶದಿಂದಲೋ ಮಾಡಿದರೆ 66ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಕುತೂಹಲಕ್ಕೆ ಎಂಬ ನಿಮ್ಮ ಸಮಜಾಯಿಷಿ ಎರಡನೆಯದರಿಂದ ಪಾರುಮಾಡಬಹುದು, ಮೊದಲನೆಯದರಿಂದ ಪಾರುಮಾಡಲಾರದು. ಪಕ್ಕದ ಮನೆಯವರ ಬಳಿ ಹೋಗಿ ನಡೆದದ್ದನ್ನು ಹೇಳಿ, ಪಾಸ್‌ವರ್ಡ್ ಬದಲಿಸಿಕೊಡುವುದು ಒಳ್ಳೆಯದು. ಅವರು ಬೈದರೆ ಬೈಸಿಕೊಳ್ಳಬೇಕಾಗುತ್ತದೆ.

ನಿಮ್ಮ ಪತ್ರದ ಇನ್ನೊಂದು ವಾಕ್ಯ ನನ್ನ ಗಮನ ಸೆಳೆಯಿತು, ಆ ಪಾಸ್‌ವರ್ಡ್ ಅವರ ಮೊಬೈಲ್ ಸಂಖ್ಯೆಯೇ ಆಗಿತ್ತು ಎಂದು ಬರೆದಿದ್ದೀರಿ. ನಮ್ಮಲ್ಲಿ ಕೇಬಲ್ ಎಳೆದುಕೊಟ್ಟ ಹುಡುಗನೇ ಹೀಗೆ ಇಟ್ಟು ಹೋಗುವುದು ವಾಡಿಕೆ. ನಮ್ಮ ದೇಶದ ಮೊಬೈಲ್ ಸಂಖ್ಯೆ ಆರರಿಂದ ಒಂಬತ್ತರೊಳಗಿನ ಅಂಕಿಯಿಂದ ಆರಂಭವಾಗುವುದರಿಂದ ಒಟ್ಟು ಸಾಧ್ಯತೆಗಳು 400 ಕೋಟಿ. ಫೋನು ರೌಟರಿಗೆ ಸೇರುವಾಗ ನಡೆಯುವ ಪರಿಚಯದ ಮಾತುಕತೆಯನ್ನು ಹಿಡಿದಿಟ್ಟುಕೊಂಡವನು ಅನಂತರ ತನ್ನ ಮನೆಯಲ್ಲಿ ಕುಳಿತೇ ಊಹೆಗಳನ್ನು ಪರೀಕ್ಷಿಸಬಲ್ಲ. ಡಬ್ಲ್ಯುಪಿಎ-2 ಎಂಬ ವೈಫೈ ಭದ್ರತಾ ಪದ್ಧತಿಯಲ್ಲಿ ಪ್ರತಿ ಊಹೆಯನ್ನೂ 4,096 ಸುತ್ತು ಅರೆಯಬೇಕಾದರೂ, ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ ಹತ್ತು ಲಕ್ಷ ಊಹೆಗಳನ್ನು ಮುಗಿಸುತ್ತದೆ. ಅಂದರೆ ದೇಶದ ಎಲ್ಲ ಮೊಬೈಲ್ ಸಂಖ್ಯೆಗಳನ್ನೂ ಪರೀಕ್ಷಿಸಲು ಅದಕ್ಕೆ ಬೇಕಾಗುವುದು 4,000 ಸೆಕೆಂಡು, ಒಂದು ಗಂಟೆಗಿಂತ ತುಸು ಹೆಚ್ಚು. ಕಾರ್ಡೇ ಇಲ್ಲದವನು ಗೇಟಿನ ಮೇಲಿನ ‘ಮನೆ ಬಾಡಿಗೆಗೆ ಇದೆ’ ಫಲಕವನ್ನು ಓದಿದರೂ ಸಾಕು. ಈ ಲೆಕ್ಕವನ್ನು ಸ್ವಂತ ರೌಟರಿನ ಮೇಲೆ ಮಾಡಿನೋಡಿ, ಮೊದಲು ಮೊಬೈಲ್ ಸಂಖ್ಯೆ ಇಟ್ಟು, ಆಮೇಲೆ ದಾಳದ ನಾಲ್ಕು ಪದಗಳನ್ನು ಇಟ್ಟು. ಪುಸ್ತಕ ಕಲಿಸದ್ದನ್ನು ಆ ಒಂದು ಸಂಜೆ ಕಲಿಸುತ್ತದೆ.

ಕಲಿಕೆಗೆ ಮನೆಯಲ್ಲಿಯೇ ಗರಡಿ ಕಟ್ಟಿಕೊಳ್ಳಬಹುದು. ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ನಡೆಸುವ ವರ್ಚುವಲ್‌ಬಾಕ್ಸಿನಲ್ಲಿ ಕಾಲಿ ಒಂದು ಕಡೆ, ತೂತುಗಳಿರಲೆಂದೇ ಕಟ್ಟಿದ ಮೆಟಾಸ್ಪ್ಲಾಯ್ಟಬಲ್ ಅಥವಾ ಜ್ಯೂಸ್ ಶಾಪ್ ಇನ್ನೊಂದು ಕಡೆ ಇಡಿ. ಎರಡರ ಜಾಲವೂ ಕಂಪ್ಯೂಟರಿನೊಳಗೇ ಇರಲಿ, ಆ ದುರ್ಬಲ ಯಂತ್ರ ಹೊರಗಿನ ಅಂತರಜಾಲಕ್ಕೆ ತೆರೆದುಕೊಳ್ಳಬಾರದು. ಕಮಾಂಡ್ ಸಾಲಿನಲ್ಲಿ ಕೈ ಪಳಗಲು ಓವರ್‌ದವೈರ್ ತಾಣದ ಬ್ಯಾಂಡಿಟ್ ಆಟವೂ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಪೈಕೊ ಸಿಟಿಎಫ್ ಸ್ಪರ್ಧೆಯೂ ಉಚಿತವಾಗಿವೆ. ಬೆಂಗಳೂರಿಗೆ ಬಂದಾಗ ನಲ್ ಎಂಬ ಭದ್ರತಾಸಕ್ತರ ಸಮುದಾಯದ ಸಭೆಗೂ ಹೋಗಿಬನ್ನಿ, ಅಲ್ಲಿ ಕಲಿತವರು ಕಲಿಯುವವರಿಗೆ ಹೇಳಿಕೊಡುತ್ತಾರೆ.

ಪ್ರಶ್ನೆ: ಒಂದು ಶಿಕ್ಷಣ ಸಂಸ್ಥೆಯ ಜಾಲತಾಣದಲ್ಲಿ ನನ್ನ ಅಂಕಪಟ್ಟಿಯ ಕೊಂಡಿಯ ಕೊನೆಯ ಸಂಖ್ಯೆಯನ್ನು ಬದಲಿಸಿದರೆ ಬೇರೆಯವರ ಅಂಕಪಟ್ಟಿ ತೆರೆಯುತ್ತದೆ. ಎಷ್ಟು ಮಂದಿಯದು ಹೀಗೆ ಸಿಗುತ್ತದೆಂದು ಪ್ರೋಗ್ರಾಂ ಬರೆದು ಇಳಿಸಿ ತೋರಿಸಿದರೆ ಅವರಿಗೆ ಗಂಭೀರತೆ ಅರ್ಥವಾಗುತ್ತದೆಯೇ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ದಯವಿಟ್ಟು ಇಳಿಸಬೇಡಿ. ಒಂದು ಸಲ ಬದಲಿಸಿ ನೋಡಿದ್ದನ್ನು ಆಕಸ್ಮಿಕ ಎನ್ನಬಹುದು, ಸಾವಿರ ಸಲ ಇಳಿಸಿದ್ದನ್ನು ಯಾರೂ ಹಾಗೆನ್ನಲಾರರು. ಅದರ ಮೇಲೆ ಆ ಸಾವಿರ ಜನರ ಮಾಹಿತಿಯನ್ನು ಕಾಯುವ ಹೊಣೆಯೂ ನಿಮ್ಮ ತಲೆಗೇ ಬರುತ್ತದೆ.

ಇಂಥದೇ ತಪ್ಪು ನನಗೂ ಒಮ್ಮೆ ಎದುರಾಗಿತ್ತು. ರಕ್ತಪರೀಕ್ಷೆಯ ವರದಿಗೆಂದು ಪ್ರಯೋಗಾಲಯವೊಂದು ಕಳುಹಿಸಿದ ಕೊಂಡಿಯ ಕೊನೆಯಲ್ಲಿ ಏಳಂಕಿಯ ಸಂಖ್ಯೆಯಿತ್ತು, ಪಾಸ್‌ವರ್ಡ್ ಕೇಳಲಿಲ್ಲ. ಒಂದನ್ನು ಕೂಡಿಸಿದರೆ ಸಾಲಿನಲ್ಲಿ ನನ್ನ ಹಿಂದೆ ಕುಳಿತಿದ್ದವರ ವರದಿ ಬರಬಹುದೆಂಬ ಅನುಮಾನ ಕೂಡಲೇ ಬಂತು. ಅದೃಷ್ಟಕ್ಕೆ ನನ್ನ ಹಿಂದೆ ಕುಳಿತಿದ್ದವಳು ನನ್ನ ಹೆಂಡತಿ. ಅವಳ ಒಪ್ಪಿಗೆ ಪಡೆದು ಸಂಖ್ಯೆ ಬದಲಿಸಿದೆ, ಅವಳ ಸಕ್ಕರೆಯ ಮಟ್ಟ ನನ್ನ ಫೋನಿನಲ್ಲಿ ಕಾಣಿಸಿತು. ಸಾಕ್ಷ್ಯಕ್ಕೆ ಅಷ್ಟು ಸಾಕಾಯಿತು. ಸಂಸ್ಥೆಗೆ ಎರಡು ಸಲ ಬರೆದೆ, ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂಬ ಉತ್ತರ ಬಂತು. ಮೂರನೆಯ ಪತ್ರವನ್ನು ಕೇಂದ್ರ ಸರಕಾರದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್‌ಗೆ ಬರೆದ ಮೇಲೆ ಕೊಂಡಿ ತೆರೆಯುವ ಮೊದಲು ಒಟಿಪಿ ಕೇಳತೊಡಗಿತು.

ನೀವೂ ಅದೇ ದಾರಿ ಹಿಡಿಯಬಹುದು. ಒಪ್ಪಿಗೆ ಕೊಡುವ ಗೆಳತಿಯೊಬ್ಬಳ ಅಂಕಪಟ್ಟಿ ನಿಮ್ಮ ಕಡೆಯಿಂದ ತೆರೆಯುತ್ತದೆಯೇ ಎಂದು ಅವಳ ಎದುರಿನಲ್ಲಿಯೇ ನೋಡಿ, ದಿನಾಂಕ ಮತ್ತು ಸಮಯದೊಂದಿಗೆ ಬರೆದಿಡಿ, ಬೇರೆಯವರದು ಯಾವುದನ್ನೂ ಉಳಿಸಿಕೊಳ್ಳಬೇಡಿ. ಸಂಸ್ಥೆಗೂ ಸರ್ಟ್-ಇನ್‌ಗೂ ಇಮೇಲ್ ಕಳುಹಿಸಿ. ತಪ್ಪು ಎಲ್ಲಿದೆ, ಹೇಗೆ ಕಾಣಿಸಿತು, ನೀವು ಎಲ್ಲಿ ನಿಲ್ಲಿಸಿದಿರಿ ಎಂಬ ಮೂರನ್ನು ಬರೆದರೆ ಸಾಕು. ಪ್ರತಿಫಲವಾಗಿ ಏನನ್ನೂ ಕೇಳಬೇಡಿ, ಕೇಳಿದ ಗಳಿಗೆಯಲ್ಲಿ ಅದು ಬೆದರಿಕೆಯಂತೆ ಕಾಣಲಾರಂಭಿಸುತ್ತದೆ. ಅವರು ಸರಿಪಡಿಸುವವರೆಗೂ ಆ ತಾಣದ ಹೆಸರನ್ನು ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಬರೆಯಬೇಡಿ. ನನಗೆ ಬರೆದ ಪತ್ರದಲ್ಲಿಯೂ ನೀವು ಅದನ್ನು ಹೇಳಿದ್ದಿರಿ, ಅಚ್ಚಿಗೆ ಕಳುಹಿಸುವ ಮೊದಲು ಅಳಿಸಿದ್ದೇನೆ.